ಕೋಡಿ ಕಡಿದ ವಕೀಲರು

ಅವರು ತೀರಿಕೊಂಡ ಸುದ್ದಿ ಯಳಂದೂರಿನಿಂದ ಬಂದ ಬಸ್ಸಿನ ಕಂಡಕ್ಟರನ ಬಾಯಲ್ಲಿ ನಮಗೆ ತಲುಪಿತು. ಕೊಳ್ಳೇಗಾಲದ ಮುನ್ಸೀಫ್ ಕೋರ್ಟಿನ ಪಕ್ಕದಲ್ಲಿರುವ ವಕೀಲರ ಸಂಘದ ಕೋಣೆಯಲ್ಲಿ ಆ ಮಧ್ಯಾಹ್ನವೇ ಸಂತಾಪ ಸಭೆ ಕರೆದೆ. ಈಗ ನಾನೇ ಸಂಘದ ಅಧ್ಯಕ್ಷ. ಆಡಿದ್ದನ್ನು ಕಾರ್ಯದರ್ಶಿ ಬರೆದುಕೊಳ್ಳಬೇಕು. ಅವನು ಈಚೆಗೆ ಬಂದವನು, ಬುದ್ಧಿವಂತ, ಅವರನ್ನು ಕಣ್ಣಿನಲ್ಲಿ ಕಂಡವನಲ್ಲ. "ನಮ್ಮ ಸಂಘವನ್ನು ಕಟ್ಟಿದ ಹಿರಿಯ ಸದಸ್ಯರಾದ" ಎಂದು ನಾನು ಶುರುಮಾಡುತ್ತಿದ್ದ ಹಾಗೆಯೇ ಅವನು ಲೇಖನಿ ಎತ್ತಿ ಹಿಡಿದ.

"ಸಾರ್, ಅವರ ವಕೀಲಿ ಸನ್ನದು ರದ್ದಾಗಿತ್ತಲ್ಲ. ಸನ್ನದಿಲ್ಲದವರನ್ನ ಸದಸ್ಯರು ಅಂತ ಬರೆದ್ರೆ ನಾಳೆ ಯಾರಾದ್ರೂ ಕೇಳಬಹುದು."

ಮೂಲೆಯಲ್ಲಿ ಕೂತಿದ್ದ ನಮ್ಮ ಹಿರಿಯ ಪ್ಲೀಡರೊಬ್ಬರು ನಶ್ಯದ ಡಬ್ಬಿ ಮುಚ್ಚಿ ಹೇಳಿದರು: "ಸಂಘ ಅವರದು ಕಣಯ್ಯ. ನಾವು ಅದರ ಸದಸ್ಯರು. ಹಂಗೇ ಬರ್ಕೊ."

ಯಾರೂ ನಗಲಿಲ್ಲ. ಅಷ್ಟರಲ್ಲಿ ಹೆಂಚಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಹಳಬರಾದ ನಾವು ಕೆಲವರು, ಒಬ್ಬರಿಗೊಬ್ಬರು ಹೇಳಿಕೊಂಡ ಹಾಗೆ, ಒಟ್ಟಿಗೇ ಕಿಟಕಿಯ ಕಡೆಗೆ ತಿರುಗಿದೆವು. ಆ ಕಿಟಕಿಯಿಂದ ಊರ ಮೇಲಿನ ಕೆರೆಯ ಏರಿ ಕಾಣುತ್ತದೆ.

ಠರಾವಿನಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಸಂಘದ ಕೋಣೆಗೆ ಅವರ ಹೆಸರಿನ ಕಲ್ಲು ಹಾಕಿಸಲು ಹೊರಟಾಗ, "ಸತ್ತವರಿಗೆ ಹಾಕೋದು ಅದು, ನನಗೆ ಇನ್ನೂ ಕೆಲಸ ಇದೆ" ಎಂದು ತಡೆದಿದ್ದವರು ಅವರು.

ನಾನು ಅವರನ್ನು ಮೊದಲು ಕಂಡದ್ದು ಕೋರ್ಟಿನ ಜಗಲಿಯಲ್ಲಿ. ಆಗ ನಾವು ಮದರಾಸು ಸೀಮೆಯವರು, ಇವತ್ತಿಗೂ ಹಾಗೆಯೇ, ಇನ್ನು ಮೈಸೂರಿಗೆ ಸೇರುತ್ತೇವಂತೆ ಎಂಬ ಮಾತು ಮಾತ್ರ ಈಗ ನಡೆದಿದೆ. ನಮ್ಮ ಅಪೀಲುಗಳೆಲ್ಲ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕು. ಅಲ್ಲಿಂದ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ, ಜೊತೆಯ ಕಾಗದಗಳು ತಮಿಳಿನಲ್ಲಿ. ಹನೂರು, ಅಜ್ಜೀಪುರದ ಕಡೆಯ ಒಕ್ಕಲು ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ಗೆದ್ದೆವೋ ಸೋತೆವೋ ತಿಳಿಯದೆ, ಎದುರಿಗೆ ಸಿಕ್ಕವರ ಮುಖ ನೋಡುತ್ತಾ ನಿಂತಿರುತ್ತಿತ್ತು. ಅವರು ಅಂಥವರನ್ನು ಜಗಲಿಯ ಮೇಲೆ ಕೂರಿಸಿಕೊಂಡು ತೀರ್ಪನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು, ಅದು ತಮ್ಮ ಕೇಸಲ್ಲದಿದ್ದರೂ. ಅಂದು ಒಬ್ಬ ಮುದುಕ ಕುಕ್ಕರುಗಾಲಲ್ಲಿ ಕೂತಿದ್ದ. ಅವರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು.

"ನೀನು ಸೋತೆ ಕಣಪ್ಪ. ಯಾಕೆ ಸೋತೆ ಅಂತ ಈಗ ಹೇಳ್ತೀನಿ, ಕೂತ್ಕೊ."

ಮುದುಕ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಮುಚ್ಚಿಕೊಂಡ. ಅವರು ಸಮಾಧಾನ ಮಾಡಲಿಲ್ಲ. ಅವನ ಅಳು ನಿಲ್ಲುವವರೆಗೆ ಸುಮ್ಮನೆ ಕಾದು, ಆಮೇಲೆ ಕೊನೆಯ ಸಾಲಿನವರೆಗೂ ಓದಿದರು. ಎದ್ದು ಹೋಗುವಾಗ ಮುದುಕ, "ಸೋತ್ರೂ ಏನಾಯ್ತು ಅಂತ ಗೊತ್ತಾಯ್ತು ಬುಡಿ ಸಾ" ಎಂದು ಕೈಮುಗಿದ. ಕೆಟ್ಟ ಸುದ್ದಿಯನ್ನು ಅಷ್ಟು ನೇರವಾಗಿ ಹೇಳುವ ವಕೀಲರನ್ನು ನಾನು ನೋಡಿರಲಿಲ್ಲ. ಆ ವಾರವೇ ಹೋಗಿ ಅವರ ಜೂನಿಯರಾದೆ.

ಅವರು ಹನೂರಿನ ಆಚೆಯ ಒಂದು ಹಳ್ಳಿಯಿಂದ ಬಂದವರು. ಎತ್ತರದ ಆಳು. ಬಿಸಿಲಿಗೆ ಹಸಿರು ತಿರುಗಿದ್ದ ಕರಿಕೋಟು. ಎಡಹುಬ್ಬಿನ ಮೇಲೊಂದು ಗಾಯದ ಗುರುತು. ಅದರ ಕತೆ ಊರಿಗೆಲ್ಲ ಗೊತ್ತು. ಒಂದು ವರ್ಷ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಪರಸೆಯವರಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಛತ್ರದ ಬಾವಿಯ ನೀರು ಕೆಟ್ಟಿದೆ ಎಂದು ಡಾಕ್ಟರು ಹೇಳಿದರೂ ಜನ ಸೇದುವುದನ್ನು ಬಿಡಲಿಲ್ಲ. ಆಗ ಅವರು ಸಂಘದ ವಕೀಲರನ್ನೆಲ್ಲ ಪಾಳಿಯ ಮೇಲೆ ಬಾವಿ ಕಾಯಲು ನಿಲ್ಲಿಸಿದರು. ದೂರದಿಂದ ನಡೆದು ಬಂದ ಹೆಂಗಸೊಬ್ಬಳು, ನೀರು ಕೊಡದ ಪಾಪಿಗಳೆಂದು ಬೈದು, ಖಾಲಿ ಕೊಡ ಬೀಸಿ ಎಸೆದಳು. ರಕ್ತ ಒರೆಸಿಕೊಂಡು ಅವರು ನಿಂತಲ್ಲೇ ನಿಂತಿದ್ದರಂತೆ. ಆಮೇಲೆ ಗಾಡಿಯಲ್ಲಿ ಬೇರೆ ಬಾವಿಯ ನೀರು ತರಿಸಿ ಮೊದಲು ಅವಳಿಗೇ ಕೊಟ್ಟರಂತೆ.

ಅದಕ್ಕೂ ಹಿಂದೆ ವಕೀಲರಿಗೆ ಸಂಘವೂ ಇರಲಿಲ್ಲ, ಕೋಣೆಯೂ ಇರಲಿಲ್ಲ. ಒಬ್ಬೊಬ್ಬರೂ ಹುಣಸೆಮರದಡಿ ತಮ್ಮ ತಮ್ಮ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಅವರವರ ದಲ್ಲಾಳಿಗಳು ಬಸ್ಸಿಗೇ ಹೋಗಿ ಕಕ್ಷಿದಾರರ ರಟ್ಟೆ ಹಿಡಿದು ಎಳೆದು ತರುತ್ತಿದ್ದರು. ಅವರು ಎಲ್ಲರ ಚಾಪೆಗಳನ್ನೂ ಎತ್ತಿಸಿ ಒಂದು ಹಳೆಯ ಉಪ್ಪಿನ ಮಂಡಿಗೆ ತಂದರು. ಮಳೆಗಾಲದಲ್ಲಿ ಅದರ ಗೋಡೆಗಳು ಇವತ್ತಿಗೂ ಬೆವರುತ್ತವೆ. ಸಂತೆಯ ದಿನ ಯಾರು ಬಂದು ಏನು ಕೇಳಿದರೂ ಹೇಳಬೇಕು, ಅದಕ್ಕೆ ಫೀಸಿಲ್ಲ ಎಂಬುದು ಅವರು ಹಾಕಿದ ಮೊದಲ ಕಟ್ಟಳೆ. "ಕೋರ್ಟಿನ ಒಳಗೆ ನಾವು ಒಬ್ಬೊಬ್ಬರ ವಕೀಲರು. ಹೊರಗೆ ಬಂದ್ಮೇಲೆ ಊರಿನ ವಕೀಲರು" ಎನ್ನುತ್ತಿದ್ದರು. ಓದುವ ಕೋಣೆ, ಆಸ್ಪತ್ರೆಗೆ ಹೆರಿಗೆಯ ವಾರ್ಡು, ಬಸ್ ನಿಲ್ಲುವಲ್ಲಿ ಹೆಂಗಸರಿಗೊಂದು ಮರೆ, ಎಲ್ಲ ಆ ಉಪ್ಪಿನ ಮಂಡಿಯಿಂದ ಹೊರಟ ಅರ್ಜಿಗಳಿಂದಲೇ ಆದವು.

ಕಾನೂನಿನ ವಿಷಯದಲ್ಲಿ ಅವರು ಕೂದಲೆಳೆಯಷ್ಟೂ ಬಾಗುವವರಲ್ಲ. ಮದರಾಸು ಸರ್ಕಾರ ಪಾನನಿಷೇಧ ತಂದ ಮೇಲೆ ನಮ್ಮ ಸೀಮೆಯವರು ಗಡಿಯಾಚೆಯ ಯಳಂದೂರಿಗೆ ಹೋಗಿ ಕುಡಿದು ಬರುತ್ತಿದ್ದರು. ಅದು ಮೈಸೂರು ಸೀಮೆ, ಅಲ್ಲಿ ತಡೆಯಿರಲಿಲ್ಲ. ನಮ್ಮ ಸದಸ್ಯರೊಬ್ಬರೂ ಹೋಗಿ ಬಂದರು. ಆತನನ್ನು ನಮ್ಮ ಸೀನಿಯರು ಕರೆದು ಕೇಳಿದರು: "ಅಲ್ಲಿ ಕುಡಿದದ್ದು ತಪ್ಪಲ್ಲ. ಆದರೆ ಹೊಟ್ಟೇಲಿ ತುಂಬಿಕೊಂಡು ಗಡಿ ದಾಟಿಸಿದ್ದು ಸಾಗಾಣಿಕೆ ಆಗೋಲ್ವೆ?" ಮುಖದಲ್ಲಿ ನಗುವಿರಲಿಲ್ಲ. ಅದು ತಮಾಷೆಯೋ ನಿಜವೋ ಎಂದು ನಮಗೆ ತಿಳಿಯಲೇ ಇಲ್ಲ. ಇಂಥವರು ಒಂದು ದಿನ ಗುದ್ದಲಿ ಹಿಡಿದು ಕಾನೂನು ಮುರಿಯುತ್ತಾರೆಂದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅದರ ಮೊದಲ ಸೂಚನೆ ಒಂದು ಸಂತೆಯ ದಿನ ಬಂತು. ಕೆರೆಯ ಕೆಳಗಿನ ಬೀದಿಯಲ್ಲಿ ರೇಷ್ಮೆ ಸೀರೆ ನೇಯುವವನೊಬ್ಬ ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡುತ್ತಿದ್ದ. ಅವರು ಒಳಗೆ ಕರೆದರು.

"ಕೇಸಲ್ಲ ಸಾ. ನಮ್ಮಗ್ಗದ ಗುಂಡೀಲಿ ನೀರ್ ಬತ್ತಾ ಅದ. ಯಾರ್ಗೆ ಯೋಳದು ಅಂತ ಗೊತ್ತಾಗ್ನಿಲ್ಲ."

ಅವನೊಡನೆ ಅವರು ಆಗಲೇ ಹೊರಟರು, ನಾನೂ ಹೋದೆ. ನೇಕಾರರು ಕಾಲು ಇಳಿಬಿಟ್ಟು ಕೂತು ತುಳಿಯುವ ಗುಂಡಿ ಅದು, ಮಗ್ಗದ ಕೆಳಗೆ ನೆಲದಲ್ಲಿ ತೋಡಿದ್ದು. ಅವರು ಮೆಟ್ಟು ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕೋಟಿನ ಸಮೇತ ಅದರೊಳಗೆ ಇಳಿದು ಕೂತರು. ಪಾದ ಮುಳುಗಿತು.

"ಮೊದಲೂ ಹಿಂಗೆ ಬರ್ತಿತ್ತಾ?"

"ಮಳೆಗಾಲ್ದಲ್ಲಿ ವಸಿ ತ್ಯಾವ ಇರ್ತಿತ್ತು ಸಾ. ಕಾಲು ಮುಳುಗಗಂಟ ನಮ್ಮಪ್ಪನ ಕಾಲದಲ್ಲೂ ಇಲ್ಲ."

ಪಕ್ಕದ ಮನೆಗೆ ಹೋದೆವು, ಅಲ್ಲೂ ಹಾಗೆಯೇ. ಅದರಾಚೆಯ ಮನೆಯಲ್ಲಿ ಮುದುಕಿಯೊಬ್ಬಳು ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಮಗ್ಗ ಯಾಕೆ ನಿಲ್ಲಿಸಿದಿರಿ ಎಂದರೆ, "ಎಳೆಯೆಲ್ಲ ನೆಂದು ಕಿತ್ತೋಯ್ತಾವೆ ಕಣಪ್ಪ. ಕೆರೆ ನಮ್ಮಟ್ಟಿ ಒಳಕ್ಕೇ ಬರೋ ಅಂಗದೆ" ಎಂದಳು, ಬಹಳ ಸಹಜವಾಗಿ.

ಏರಿಯ ಮೇಲೆ ಹತ್ತಿ ಕೋಡಿಯವರೆಗೆ ನಡೆದಾಗ ಕಾರಣ ಕಂಡಿತು. ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗಲಿ ಎಂದು ಹಿಂದಿನವರು ಬಿಟ್ಟ ಜಾಗ ಕೋಡಿ. ಅದಕ್ಕೆ ಅಡ್ಡಲಾಗಿ ಕಲ್ಲು ಮಣ್ಣು ಪೇರಿಸಿ ಆಳೆತ್ತರದ ಗೋಡೆ ಎಬ್ಬಿಸಿದ್ದರು. ಮಾಡಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಬಹುಪಾಲು ಅಕ್ಕಿಗಿರಣಿಯ ಯಜಮಾನರದು. ಎರಡನೆಯ ಬೆಳೆಗೆ ನೀರು ಸಾಲದೆಂದು ಕೆರೆಯ ಹೊಟ್ಟೆಯನ್ನೇ ಹಿಗ್ಗಿಸಿದ್ದರು.

ಈ ಯಜಮಾನರು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಆ ಗೋಡೆ ತೆಗೆಸಬೇಕೆಂದು ಸರ್ಕಾರಕ್ಕೆ ನಮ್ಮ ಅರ್ಜಿ ಹೋದ ಕೆಲವು ದಿನಕ್ಕೆ ತಾವೇ ಸಂಘದ ಕೋಣೆಗೆ ಬಂದರು. ಹಿಂದೆ ಆಳಿನ ತಲೆಯ ಮೇಲೆ ಒಂದು ಬುಟ್ಟಿ ರಸಬಾಳೆ. ಕೊಡೆ ಮಡಿಸಿ ಬೆಂಚಿನ ತುದಿಯಲ್ಲಿ ಕೂತು ನಮ್ಮೆಲ್ಲರ ಮಕ್ಕಳ ಕ್ಷೇಮ ವಿಚಾರಿಸಿದರು. ಪ್ರತಿ ಮಗುವಿನ ಹೆಸರೂ ಅವರಿಗೆ ಗೊತ್ತಿತ್ತು. ಯಾವ ಮಗು ಯಾವ ದಾರಿಯಲ್ಲಿ ಶಾಲೆಗೆ ಹೋಗುತ್ತದೆಂಬುದೂ ಗೊತ್ತಿತ್ತು. ಆಮೇಲೆ ನಮ್ಮ ಸೀನಿಯರ ಕಡೆ ತಿರುಗಿ ಹೇಳಿದರು:

"ದಿನಾ ಏರಿ ಮ್ಯಾಲೆ ಓಡಾಡ್ತೀರಂತೆ. ಪಾಚಿ ಕಟ್ಟದೆ ಸ್ವಾಮಿ. ಕಾಲು ಜಾರಿದ್ರೆ ಆ ನೀರು ಯಾರ ಮಾತೂ ಕೇಳಲ್ಲ."

"ಅದೇ ನನ್ನ ಅರ್ಜೀಲೂ ಇದೆ, ಯಜಮಾನರೆ" ಎಂದು ಅವರು ಬುಟ್ಟಿಯನ್ನು ಆಳಿನ ತಲೆಗೆ ವಾಪಸು ಹೊರಿಸಿದರು.

ಯಜಮಾನರು ನಕ್ಕು ಹೋದರು. ಮಾರನೆಯ ದಿನದಿಂದ ನಮ್ಮಲ್ಲಿ ಇಬ್ಬರು ಸದಸ್ಯರು ಕೋಣೆಗೆ ಬರುವುದನ್ನು ಬಿಟ್ಟರು. ನಮ್ಮ ಸೀನಿಯರ ಮನೆಯ ಹಿತ್ತಲಲ್ಲಿ ಕಟ್ಟಿದ್ದ ಹಸು ಒಂದು ಬೆಳಿಗ್ಗೆ ನೊರೆ ಕಾರಿ ಸತ್ತುಬಿದ್ದಿತ್ತು. ಅವರು ಅದನ್ನು ಹೂಳಿಸಿ, ಕೈಕಾಲು ತೊಳೆದು, ಎಂದಿನಂತೆ ಏರಿಯ ಮೇಲೆ ನಡೆಯಲು ಹೋದರು. ನಾನು ಜೊತೆಗೆ ಬರುತ್ತೇನೆಂದರೆ, "ನಿನಗೆ ಚಿಕ್ಕ ಮಕ್ಕಳಿದಾವೆ, ಬೇಡಪ್ಪ" ಎಂದರು. ಆದರೂ ಹೋದೆ.

ಅರ್ಜಿಗೆ ಉತ್ತರ ಬರಲಿಲ್ಲ. ಅವರೇ ಬಸ್ಸಿನಲ್ಲಿ ದಿಂಬದ ಘಟ್ಟ ಇಳಿದು, ಕೆರೆಯ ಉಸ್ತುವಾರಿ ಇದ್ದ ಕಛೇರಿಗೆ ಹೋಗಿಬಂದರು. "ವಿಚಾರಣೆಯಲ್ಲಿದೆ ಅಂದ್ರು" ಎಂದರು. "ನೀರಿಗೂ ಅದನ್ನೇ ಹೇಳಿಬಿಡೋಣ ಸಾರ್" ಎಂದು ಯಾರೋ ಅಂದರು. ಮುನ್ಸೀಫರ ಮುಂದೆ ತಡೆಯಾಜ್ಞೆ ಕೇಳಲು ದಾವೆ ತಯಾರು ಮಾಡುವಷ್ಟರಲ್ಲಿ ದಸರೆಯ ರಜೆ ಬಂದು ಕೋರ್ಟು ಮುಚ್ಚಿತು. ಅದೇ ವಾರ ಬೆಟ್ಟದ ಮೇಲೆ ಮೋಡ ಕೂತಿತು. ನಮ್ಮ ಕಡೆ ದೊಡ್ಡ ಮಳೆ ಬರುವುದೇ ಆಗ. ಹಗಲೆಲ್ಲ ಬೆಟ್ಟ ಕಾಣದು, ಗುಡುಗಿಲ್ಲ, ಗಾಳಿಯಿಲ್ಲ. ಸುರಿಯುವುದು ಮಾತ್ರ. ಕೆರೆಯ ನೀರು ತಾನು ಬೆಳೆಯುತ್ತಿದ್ದೇನೆ ಎಂಬುದನ್ನು ಯಾರಿಗೂ ತಿಳಿಸದ ಹಾಗೆ ಮೇಲೇರುತ್ತಿತ್ತು.

ತಿಳಿನೀರು ಜಿನುಗಿದರೆ ಏರಿ ಬೆವರುತ್ತಿದೆ, ಕೆಂಪು ನೀರು ಜಿನುಗಿದರೆ ಏರಿ ಕರಗುತ್ತಿದೆ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಬೆಳಿಗ್ಗೆ ಏರಿಯ ಬುಡದಲ್ಲಿ ಕೆಂಪು ನೀರು ಬಂತು.

ಅವರು ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿ ಚೆಲ್ಲಿದರು. ಸಂಘದ ಸದಸ್ಯರನ್ನು ನೇಕಾರರ ಬೀದಿಗಳಿಗೆ ಕಳುಹಿಸಿ, ಜನರನ್ನೆಲ್ಲ ದಿಣ್ಣೆಯ ಮೇಲಿನ ಶಾಲೆಗೆ ಸೇರಿಸಲು ಹೇಳಿದರು. ಆದರೆ ಎಲ್ಲರೂ ಹೊರಡಲಿಲ್ಲ. ಮಗ್ಗದ ಮೇಲಿನ ಸೀರೆ ಬಿಟ್ಟು ಹೇಗೆ ಬರುವುದೆಂದು ಗಂಡಸರು ಕೂತರು, ಬಾಣಂತಿಯರಿದ್ದರು, ಹಾಸಿಗೆ ಹಿಡಿದವರಿದ್ದರು. ಯಜಮಾನರ ಮನೆಗೆ ಹೇಳಿಕಳಿಸಿದರೆ ಅವರು ಮೈಸೂರಿಗೆ ಹೋಗಿದ್ದಾರೆಂಬ ಉತ್ತರ ಬಂತು. ತೂಬು ಪೂರ್ತಿ ಎತ್ತಿಸಿದರೂ ನೀರು ಇಳಿಯಲಿಲ್ಲ. ಉಳಿದದ್ದು ಕೋಡಿಯೊಂದೇ.

"ಕಡಿದರೆ ಅಪರಾಧ" ಎಂದೆ. ಅವರಿಂದಲೇ ಕಲಿತ ಮಾತು.

"ಹೌದು" ಎಂದರು. "ಮೊದಲು ಹಳ್ಳದವರಿಗೆ ಹೇಳಿಬರೋಣ ಬಾ."

ಕೋಡಿಯ ನೀರು ಹರಿಯುವ ಹಳ್ಳ ಬಹಳ ವರ್ಷದಿಂದ ಒಣಗಿತ್ತು. ಅದರ ದಡದಲ್ಲಿ ಎಲೆತೋಟ, ತೋಟ ಕಾಯುವವರ ಒಂದಷ್ಟು ಗುಡಿಸಲು. ನಾವಿಬ್ಬರೂ ಇಳಿದು ಹೋಗಿ ಪ್ರತಿ ಗುಡಿಸಲಲ್ಲೂ ಹೇಳಿದೆವು. ಕೊನೆಯದರಲ್ಲಿ ತೋಟದ ಕಾವಲಿನವನೂ ಅವನ ಹೆಂಡತಿಯೂ ಇದ್ದರು. ಮದುವೆಯಾಗಿ ಬಹಳ ದಿನ ಆದ ಹಾಗಿರಲಿಲ್ಲ.

"ಕೋಡಿ ಕಡಿಸ್ತಿದ್ದೀವಿ. ಹೊತ್ತು ಮುಳುಗೋವರೆಗೂ ಟೈಮಿದೆ. ಅಷ್ಟರಲ್ಲಿ ಸಾಮಾನು ಎತ್ಕೊಂಡು ಮೇಲೆ ಬಂದ್ಬಿಡಿ" ಎಂದು ಅವರು ಹೇಳಿದರು.

"ಆಡು ಮೇಯಕ್ಕೆ ಬುಟ್ಟಿವ್ನಿ ಸ್ವಾಮಿ. ಇಡ್ಕಬಂದು ಓಯ್ತೀವಿ" ಎಂದಳು ಅವಳು.

ಹೊತ್ತು ಮುಳುಗುವವರೆಗೂ ಏರಿ ತಡೆಯಬಹುದೆಂದು ಅವರು ಎಣಿಸಿದ್ದರು. ನಾವು ಮೇಲೆ ಹತ್ತಿ ಬಂದಾಗ ಏರಿಯ ನೆತ್ತಿಯ ಮೇಲೆ ಕೈ ತೂರಿಸುವಷ್ಟು ಬಿರುಕು ಬಿಟ್ಟಿತ್ತು. ನಾವು ನೋಡುತ್ತಿದ್ದಂತೆ ಊರ ಕಡೆಯ ಇಳಿಜಾರಿನ ಮಣ್ಣು ಹಸಿ ಹಿಟ್ಟಿನ ಮುದ್ದೆಯ ಹಾಗೆ ಸದ್ದಿಲ್ಲದೆ ಒಂದಾಳುದ್ದ ಕೆಳಗೆ ಜರುಗಿತು. ಅವರು ಒಬ್ಬನನ್ನು ಹಳ್ಳಕ್ಕೆ ಓಡಿಸಿದರು. ಅವನು ತಿರುಗಿ ಬಂದು, ಗುಡಿಸಲುಗಳೆಲ್ಲ ಖಾಲಿ, ಎಲ್ಲರೂ ದಡದ ಮೇಲಿದ್ದಾರೆ ಎಂದ. ಅದು ಸುಳ್ಳಲ್ಲ. ಅವನು ನೋಡಿದಾಗ ಎಲ್ಲರೂ ದಡದ ಮೇಲೆಯೇ ಇದ್ದರು.

ಮೊದಲ ಗುದ್ದಲಿ ಅವರೇ ಹಾಕಿದರು. ಆಮೇಲೆ ನಾವು, ನೇಕಾರರು, ಯಾರು ಯಾರೋ ಹಾಕಿದೆವು. ನೀರು ಮೊದಲು ಒಂದು ನಾಲಿಗೆಯಷ್ಟು ಹೊರಟಿತು. ಆಮೇಲೆ ಗುದ್ದಲಿಯ ಕೆಲಸವನ್ನು ತಾನೇ ಕಿತ್ತುಕೊಂಡಿತು. ಆ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಎದುರು ದಡದಲ್ಲಿ ಒಬ್ಬ ಗಂಡಸು ಎರಡೂ ಕೈ ಎತ್ತಿ ಬಾಯಿ ತೆರೆದು ಏನೋ ಕೂಗುತ್ತಿದ್ದುದು ಮಾತ್ರ ಕಂಡಿತು.

ಆಡಿನ ಒಂದು ಮರಿ ತಪ್ಪಿಸಿಕೊಂಡಿತ್ತು. ಹೊತ್ತು ಮುಳುಗಲು ಇನ್ನೂ ಬೇಕಾದಷ್ಟು ಸಮಯ ಇದೆಯೆಂದು ಕಾವಲಿನವನ ಹೆಂಡತಿ ಯಾರಿಗೂ ಹೇಳದೆ ಇಳಿದಿದ್ದಳು.

ಮಾರನೆಯ ದಿನ ಕೆಳಗಿನ ಮರಳಿನಲ್ಲಿ ಸಿಕ್ಕಳು. ಅವರು ತಮ್ಮ ಕೋಟು ಬಿಚ್ಚಿ ಹೊದಿಸಿದರು, ಪಕ್ಕದಲ್ಲಿ ಮರಳ ಮೇಲೆ ಕೂತರು. ಗಂಡ ಸ್ವಲ್ಪ ದೂರದಲ್ಲಿ ಕೂತಿದ್ದ. ಅವಳ ಮಣ್ಣು ಮುಗಿದ ಮೇಲೆ ಅವರು ನೇರವಾಗಿ ಪೊಲೀಸ್ ಠಾಣೆಗೆ ನಡೆದರು.

"ಮನೆಗೆ ಹೋಗಿ ಸಾರ್, ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ" ಎಂದರು ಸಬ್ ಇನ್ಸ್‌ಪೆಕ್ಟರು.

"ನಾನು ಕೊಡ್ತಿದ್ದೀನಿ, ನನ್ನೊಬ್ಬನ ಮೇಲೆ. ಬರ್ಕೊಳ್ಳಿ."

ಮೈಸೂರಿನಿಂದ ಮರಳಿದ ಯಜಮಾನರು ಅದರ ಮೇಲೆ ತಮ್ಮದೂ ಒಂದು ದೂರು ಕೊಟ್ಟರು. ಕೇಸು ಮ್ಯಾಜಿಸ್ಟ್ರೇಟರ ಮುಂದೆ ಬಂದಾಗ ಸಾಕ್ಷಿಯಾಗಬೇಕಿದ್ದ ನನ್ನನ್ನು ಬಿಟ್ಟು ಸಂಘದ ಉಳಿದ ವಕೀಲರೆಲ್ಲ ಒಂದೇ ವಕಾಲತ್ತಿಗೆ ರುಜು ಹಾಕಿದರು. ಕೋಡಿ ಕಡಿದದ್ದನ್ನು ಅವರು ಮೊದಲ ದಿನವೇ ಒಪ್ಪಿಕೊಂಡರು. ಉಳಿದದ್ದು ಆ ಹೆಂಗಸಿನ ಸಾವು.

ಅವರ ಪರವಾಗಿ ನಾನು ಸಾಕ್ಷಿ ಹೇಳಿದೆ. ಎದುರು ಕಡೆಯ ವಕೀಲರು ನಿಧಾನವಾಗಿ ಎದ್ದರು.

"ಏರಿ ಇವತ್ತು ಇದೆಯೆ?"

"ಇದೆ."

"ಬಿರುಕು ಬಿಟ್ಟ ಮೇಲೂ ನಿಂತಿದೆ?"

"ನಿಂತಿದೆ."

"ಹಾಗಾದರೆ ಅದು ಒಡೆಯುತ್ತಿತ್ತು ಎನ್ನುವುದು ನಿಮ್ಮ ಊಹೆ."

ಒಡೆದಿದ್ದರೆ ಅದೇ ಸಾಕ್ಷಿಯಾಗುತ್ತಿತ್ತು. ಒಡೆಯದಂತೆ ತಡೆದವನಿಗೆ ಸಾಕ್ಷಿ ಎಲ್ಲಿಂದ ಬರಬೇಕು?

ಆದರೂ ಅವರು ಬಿಡುಗಡೆಯಾಗುತ್ತಾರೆ ಎಂದೇ ನಾವು ಅಂದುಕೊಂಡಿದ್ದೆವು. ಸತ್ತವಳ ಗಂಡನೇ ಬಂದು ಹೇಳಿದ್ದ: "ಅವ್ರು ಬಂದು ಯೋಳುದ್ರು ಸಾ. ನಾವೆಲ್ಲಾ ಮ್ಯಾಕ್ ಬಂದಿದ್ದೋ. ಅವ್ಳೇ ಮರಿಗೆ ಅಂತ ಇಳ್ದೋಗ್ಬುಟ್ಲು. ಇವರ್ದೇನೂ ತೆಪ್ಪಿಲ್ಲ."

ಕೊನೆಗೆ ಮ್ಯಾಜಿಸ್ಟ್ರೇಟರು ಅವರನ್ನು, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಅವರು ಕನ್ನಡಕ ತೆಗೆದರು.

"ಆತ ಒಂದು ಮಾತು ಬಿಟ್ಟಿದ್ದಾನೆ. ಹೊತ್ತು ಮುಳುಗುವವರೆಗೆ ಸಮಯವಿದೆ ಎಂದು ಅವಳಿಗೆ ಹೇಳಿದವನು ನಾನು. ಹೊತ್ತು ಇನ್ನೂ ಮೇಲಿರುವಾಗಲೇ ಕಡಿದವನೂ ನಾನು. ಅವಳು ನನ್ನ ಮಾತು ನಂಬಿ ಇಳಿದಳು."

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. ಅವರೂ ಒಂದು ಕಾಲದಲ್ಲಿ ನಮ್ಮ ಬೆಂಚಿನಲ್ಲಿ ಕೂತಿದ್ದವರೇ. "ಇದನ್ನು ಬರೆದುಕೊಳ್ಳಲೇಬೇಕೆ?" ಎಂದು ಕೇಳಿದರು.

"ಬರೆದುಕೊಳ್ಳಿ" ಎಂದರು ಅವರು.

ಕೆಲವು ತಿಂಗಳ ಸಜೆಯಾಯಿತು. ಅವರು ಜೈಲಿನಲ್ಲಿದ್ದಾಗಲೇ ಮದರಾಸಿನಿಂದ ಸನ್ನದು ರದ್ದಾದ ಆದೇಶ ಬಂತು. ಬಿಡುಗಡೆಯ ದಿನ ನಾವು ಹೂವಿನ ಹಾರ ತೆಗೆದುಕೊಂಡು ಹೋಗಿದ್ದೆವು. ಅವರು ಅದನ್ನು ಕೈಯಿಂದಲೂ ಮುಟ್ಟಲಿಲ್ಲ. ಊರಿನಲ್ಲಿ ಆ ವೇಳೆಗೆ ಗಾಳಿ ಬದಲಾಗಿತ್ತು. ಏರಿ ಗಟ್ಟಿಯಾಗೇ ಇತ್ತಂತೆ, ವಕೀಲರಿಗೆ ಯಜಮಾನರ ಮೇಲಿನ ಹಗೆಯಂತೆ, ಅದಕ್ಕೆ ಒಬ್ಬ ಹೆಣ್ಣುಮಗಳು ಹೋದಳಂತೆ. ಗುಂಡಿಯಲ್ಲಿ ನೀರು ಬಂತೆಂದು ಮೊದಲು ಬಂದಿದ್ದ ನೇಕಾರ ಒಮ್ಮೆ ಬೀದಿಯಲ್ಲಿ ಸಿಕ್ಕವನು ನನ್ನ ಮುಖ ನೋಡದೆ, "ಏನೋ ಸಾ, ಏರಿ ನಿಂತೇ ಅದಲ್ಲ" ಎಂದ.

ಅವರು ಗಡಿ ದಾಟಿ ಯಳಂದೂರಿಗೆ ಹೋಗಿ ನೆಲೆಸಿದರು. ಅಲ್ಲಿಯ ತಾಲ್ಲೂಕು ಕಛೇರಿಯ ಜಗಲಿಯಲ್ಲಿ ಒಂದು ಡೆಸ್ಕಿನ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಾನು ಆಗಾಗ ಹೋಗುತ್ತಿದ್ದೆ. ಪ್ರತಿ ಸಲವೂ ಮೊದಲು ಕೇಳುತ್ತಿದ್ದುದು ಮಗ್ಗದ ಗುಂಡಿಗಳು ಒಣಗಿವೆಯೇ ಎಂದು. ಯಜಮಾನರು ಕೋಡಿಯನ್ನು ಮತ್ತೆ ಏರಿಸಿದ ಸುದ್ದಿಯನ್ನು ನಾನು ಹೇಳಿದ ದಿನ ಅವರು ಬರೆಯುವುದನ್ನು ನಿಲ್ಲಿಸಿ ಬೀದಿಯ ಕಡೆ ತಿರುಗಿದರು. ಆಮೇಲೆ ಹೇಳಿದರು:

"ಒಡೀತಿತ್ತಾ ಇಲ್ವಾ ಅಂತ ನನಗೆ ಇವತ್ತೂ ಗೊತ್ತಿಲ್ಲಪ್ಪ. ಒಡೀತಿತ್ತು ಅಂತ ಗೊತ್ತಿದ್ದಿದ್ರೆ ನಿದ್ದೆ ಬರ್ತಿತ್ತು. ಒಡೀತಿರಲಿಲ್ಲ ಅಂತ ಗೊತ್ತಿದ್ದಿದ್ರೂ ಹೇಗೋ ಒಂದು ದಾರಿ ಇತ್ತು."

ಅದೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು. ಮೈಯಲ್ಲಿ ಕೋಟಿರಲಿಲ್ಲ. ಇನ್ನೊಂದು ಹೊಲಿಸಿಕೊಳ್ಳಲೇ ಇಲ್ಲ.

ಸಂತಾಪ ಸಭೆಯ ದಿನ ಹಿಡಿದ ಮಳೆ ಬಿಡಲಿಲ್ಲ. ನಾಲ್ಕು ದಿನಕ್ಕೆ ನೇಕಾರರ ಬೀದಿಯ ಹೆಂಗಸೊಬ್ಬಳು ಬೆಳಗಾಗುತ್ತಲೇ ನನ್ನ ಮನೆಯ ಬಾಗಿಲು ಬಡಿದಳು. ಸೆರಗಿನಿಂದ ನೀರು ಸೋರುತ್ತಿತ್ತು. "ಗುಂಡಿ ನೀರು ಕೆಂಪುಗಾಗದೆ ಸ್ವಾಮಿ" ಎಂದಳು, ಅಷ್ಟೇ. ಕೋಡಿಯ ಬಗ್ಗೆ ನಾವು ಕೊಟ್ಟಿದ್ದ ಹೊಸ ಅರ್ಜಿ ಇನ್ನೂ ವಿಚಾರಣೆಯಲ್ಲಿತ್ತು. ಕಾರ್ಯದರ್ಶಿಯನ್ನು ಕರೆದುಕೊಂಡು ಏರಿ ಹತ್ತಿದೆ. ಕಾಲ ಕೆಳಗಿನ ಮಣ್ಣು ಮೆತ್ತಗಿತ್ತು.

ಕೋಡಿಯ ಗೋಡೆಯ ಮೇಲೆ ಗೋಣಿಚೀಲ ಹೊದ್ದು ಒಬ್ಬ ಗಂಡಸು ಕೂತಿದ್ದ. ತೊಡೆಯ ಮೇಲೆ ಗುದ್ದಲಿ. ಹತ್ತಿರ ಹೋದಾಗ ಗುರುತು ಸಿಕ್ಕಿತು. ಸತ್ತವಳ ಗಂಡ.

"ಯಾವಾಗ ಬಂದೆ?" ಎಂದೆ.

"ಮಳೆ ಇಡ್ದಾಗಿಂದ ಇಲ್ಲೇ ಇವ್ನಿ ಸಾ. ಕಡಿಬೇಕಾಯ್ತದೆ ಅಂತ ನಂಗೊತ್ತು." ಅವನು ಹಳ್ಳದ ಕಡೆ ಕೈ ತೋರಿಸಿದ. "ಆದ್ರೆ ಈ ಸಲ ಯಾರ್ಗೂ ಒತ್ತು ಗಿತ್ತು ಅಂತ ಯೋಳ್ಬೇಡಿ. ನಾನೇ ಇಳ್ದು ಒಬ್ಬೊಬ್ರನ್ನೂ ಕೈ ಇಡ್ದು ಕರ್ಕಂಬತ್ತೀನಿ."

ಮೂವರೂ ಇಳಿದೆವು. ಅವನು ಪ್ರತಿ ಗುಡಿಸಲ ಬಾಗಿಲಲ್ಲೂ ನಿಂತು ಹೆಸರು ಹಿಡಿದು ಕೂಗಿದ. ಬರುವುದಿಲ್ಲವೆಂದು ಹಟ ಹಿಡಿದ ಮುದು ಹೆಂಗಸೊಬ್ಬಳನ್ನು ನಮ್ಮ ಕಾರ್ಯದರ್ಶಿ ಬೆನ್ನ ಮೇಲೆ ಹೊತ್ತು ತಂದ. ಆಡು ಕುರಿ ಕೋಳಿ ಯಾವುದನ್ನೂ ಕಾವಲಿನವನು ಬಿಡಲಿಲ್ಲ. ಎಲ್ಲರೂ ದಡಕ್ಕೆ ಬಂದ ಮೇಲೆ ಇನ್ನೊಮ್ಮೆ ತಾನೊಬ್ಬನೇ ಇಳಿದು, ಖಾಲಿ ಗುಡಿಸಲುಗಳಿಗೆ ತಲೆ ಹಾಕಿ ನೋಡಿ ಬಂದ. ಅಷ್ಟು ಹೊತ್ತೂ ಮೇಲೆ ಏರಿಯ ಕಡೆಯಿಂದ ಮಣ್ಣು ಜಾರುವ ಸದ್ದು ಕೇಳುತ್ತಿತ್ತು. ಬೇಗ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಗುದ್ದಲಿಯನ್ನು ಅವನ ಕೈಯಿಂದ ನಾನು ತೆಗೆದುಕೊಂಡೆ. "ನಿಮ್ಮ ಸನ್ನದು ಓಯ್ತದಲ್ಲ ಸಾ" ಎಂದ. ಏರಿಯ ಆ ತುದಿಯಲ್ಲಿ, ಇಬ್ಬರು ಆಳುಗಳ ನಡುವೆ, ಯಜಮಾನರ ಕೊಡೆ ನಿಧಾನವಾಗಿ ನಮ್ಮ ಕಡೆಗೆ ಬರುತ್ತಿತ್ತು. ಆಮೇಲೆ ನಡೆದದ್ದು ಈಗ ಕೋರ್ಟಿನ ಮುಂದಿದೆ. ಅದನ್ನು ನಾನು ಬರೆಯುವುದು ಸರಿಯಲ್ಲ.

ಒಂದನ್ನು ಬರೆಯಬಹುದು. ನೀರು ಹಳ್ಳ ತುಂಬಿ ಗುಡಿಸಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುವಾಗ ದಡದ ಮೇಲಿದ್ದವರೆಲ್ಲ ಅದನ್ನೇ ನೋಡುತ್ತ ನಿಂತಿದ್ದರು. ಅವನೊಬ್ಬ ಮಾತ್ರ ನೀರಿಗೆ ಬೆನ್ನು ಹಾಕಿ, ಜನರ ಮುಖಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಸಾಲದೆಂದು ಮತ್ತೆ ಮೊದಲಿನಿಂದ ನೋಡಿದ. ಆಮೇಲೆ ನನ್ನ ಹತ್ತಿರ ಬಂದು, ಆ ಸದ್ದಿನಲ್ಲಿ ಕೇಳಿಸಲಿ ಎಂದು ಕಿವಿಗೆ ಬಾಯಿಟ್ಟು ಹೇಳಿದ:

"ಎಲ್ಲಾ ಅವ್ರೆ ಸಾ."